ಸರ್ವರ್ ಮೆಮರಿ 97% ತೋರಿಸ್ತೈತಿ, ದಿನಾ ರೀಸ್ಟಾರ್ಟ್ ಮಾಡ್ತೀವಿ, ರ್ಯಾಮ್ ಹಾಕಿಸ್ಬೇಕೇನ್ರಿ?

ಪ್ರಶ್ನೆ: ಸರ್ ನಮಸ್ಕಾರ. ನಾ ಜಮಖಂಡಿಯ ಒಂದು ಪತ್ತಿನ ಸಹಕಾರಿ ಸಂಘದಾಗ ಕಂಪ್ಯೂಟರ್ ಕೆಲಸ ನೋಡ್ಕೋತೀನಿ. ಹೆಡ್ ಆಫೀಸಿನ್ಯಾಗ ಒಂದ ಸರ್ವರ್ ಐತಿ, 16 ಜಿಬಿ ರ್ಯಾಮ್, ವಿಂಡೋಸ್ ಸರ್ವರ್ 2019, ಡೇಟಾ ಇಡಾಕ ಎಸ್‌ಕ್ಯೂಎಲ್ ಸರ್ವರ್ 2017 ಸ್ಟ್ಯಾಂಡರ್ಡ್, ಡೇಟಾಬೇಸ್ 38 ಜಿಬಿ ಆಗೇತಿ. ಮುಧೋಳ, ತೇರದಾಳ, ಬನಹಟ್ಟಿ ಬ್ರಾಂಚಿನವರು ಸ್ಟ್ಯಾಟಿಕ್ ಐಪಿ ಹಾಕಿ ಇದಕ್ಕ ಕನೆಕ್ಟ್ ಆಗ್ತಾರ. ಟಾಸ್ಕ್ ಮ್ಯಾನೇಜರ್‌ನ್ಯಾಗ ಮೆಮರಿ ಯಾವಾಗ ನೋಡಿದ್ರೂ 96–97%, ಅದ್ರಾಗ ಎಸ್‌ಕ್ಯೂಎಲ್ ಒಂದ 13 ಜಿಬಿ ತಿಂದಿರ್ತೈತಿ. ಸಂಜಿಕೆ ಪಿಗ್ಮಿ ಎಂಟ್ರಿ ಟೈಮಿಗೆ ಪೂರಾ ಸ್ಲೋ. ಅದಕ್ಕ ದಿನಾ ರಾತ್ರಿ ರೀಸ್ಟಾರ್ಟ್ ಮಾಡಿ ಹೋಗ್ತೀವಿ. ಸಾಫ್ಟ್‌ವೇರ್‌ನವರು ಮೆಮರಿ ಲೀಕ್ ಆಗೇತಿ (ಕೆಲಸ ಮುಗದ್ರೂ ಪ್ರೋಗ್ರಾಂ ತಪ್ಪಿನಿಂದ ಮೆಮರಿ ಬಿಡವಲ್ದು), ಇನ್ನ 16 ಜಿಬಿ ಹಾಕಿಸ್ರಿ ಅಂತಾರ. ಇನ್ನೊಂದು, ನಾ ಇರೋದು ಮಹಾಲಿಂಗಪುರದಾಗ, ಮನಿಯಿಂದ ರಿಮೋಟ್ ಡೆಸ್ಕ್‌ಟಾಪ್‌ನ್ಯಾಗ ನೋಡಾಕ ರೌಟರ್‌ನ್ಯಾಗ 3389 ಪೋರ್ಟ್ ಫಾರ್ವರ್ಡ್ ಮಾಡೀನಿ. ಅದು ಸೇಫ್ ಐತೇನ್ರಿ?

ಉತ್ತರ: ಎರಡು ಪ್ರಶ್ನೆ ಕೇಳೀರಿ, ನಾ ಉಲ್ಟಾ ಹಿಡದು ಉತ್ತರಾ ಕೊಡ್ತೀನಿ, ಯಾಕಂದ್ರ ಮೆಮರಿದು ಇನ್ನೊಂದು ವಾರ ಹಂಗ ಇದ್ರೂ ಯಾರ ರೊಕ್ಕಾನೂ ಹೋಗಂಗಿಲ್ಲ, ಆದ್ರ ರಿಮೋಟ್ ಡೆಸ್ಕ್‌ಟಾಪಿನ ಬಾಗಲಾದ 3389 ಪೋರ್ಟ್ ಇಂಟರ್ನೆಟ್ಟಿಗೆ ಓಪನ್ ಇಟ್ಟಿದ್ದು ಇವತ್ತ ಬಂದ್ ಆಗಬೇಕು. ಮತ್ತ ನೀವು ನಡುವ ಸುಮ್ನ ಹೇಳಿಬಿಟ್ಟ ಒಂದು ಮಾತು, ಬ್ರಾಂಚಿನವರು ಸ್ಟ್ಯಾಟಿಕ್ ಐಪಿ ಹಾಕಿ ನೇರ ಕನೆಕ್ಟ್ ಆಗ್ತಾರ ಅನ್ನೂದು, ಅದು ನನಗ 3389ಕ್ಕಿಂತ ಹೆಚ್ಚು ಚಿಂತಿ ಹಚ್ಚೇತಿ. ಅಂದ್ರ ಎಸ್‌ಕ್ಯೂಎಲ್‌ನ 1433 ಪೋರ್ಟೂ ಇಂಟರ್ನೆಟ್ಟಿಗೆ ಬಿಚ್ಚಿಟ್ಟೀರಿ ಅಂತಾತು.

ಈ ಎರಡೂ ತ್ರಾಸಿನ ನಡುವ ಕುಂತಿರೋದು ನಿಮ್ಮ ದಿನಾ ರಾತ್ರಿ ರೀಸ್ಟಾರ್ಟ್. ಅದು ಔಷಧ ಅನ್ಕೊಂಡೀರಿ, ಆದ್ರ ಎರಡೂ ರೋಗದ ಗುರುತು ಅಳಸಿ ಹಾಕೋದ ಅದು. ಹೆಂಗಂದ್ರ, ಎಸ್‌ಕ್ಯೂಎಲ್ ಸರ್ವರ್ ತನ್ನ ಎರರ್ ಲಾಗ್ ಫೈಲ್ ಅನ್ನ ಪ್ರತಿ ಸಲ ಸ್ಟಾರ್ಟ್ ಆದಾಗ ಹೊಸಾದು ತೆಗಿತೈತಿ, ಹಳೇದು ಡಿಫಾಲ್ಟ್ ಆಗಿ ಬರೇ 6 ಇಟ್ಕೋತೈತಿ. ದಿನಾ ರೀಸ್ಟಾರ್ಟ್ ಮಾಡಿದ್ರ ಒಂದು ವಾರದ ಹಿಂದ ಏನಾಗಿತ್ತು ಅನ್ನೂದಕ್ಕ ನಿಮ್ಮ ಹತ್ರ ಒಂದಕ್ಷರ ಉಳಿಯಂಗಿಲ್ಲ. ಯಾವ ಕ್ವೆರಿ (ಡೇಟಾಬೇಸಿಗೆ ಕೇಳೋ ಪ್ರಶ್ನೆ) ಎಲ್ಲಿ ಕಾದು ನಿಂತಿತ್ತು, ಯಾವ ಇಂಡೆಕ್ಸ್ (ಲಗೂ ಹುಡಕಾಕ ಮಾಡಿದ ಸೂಚಿ) ಬೇಕಿತ್ತು ಅಂತ ಎಸ್‌ಕ್ಯೂಎಲ್ ತಾನ ಮೆಮರಿಯಾಗ ಲೆಕ್ಕ ಇಟ್ಟಿರ್ತೈತಿ ನೋಡ್ರಿ, ಅದೂ ರೀಸ್ಟಾರ್ಟ್ ಜೋಡಿ ಹೋಗ್ತೈತಿ. ಸರ್ಟ್-ಇನ್ (ಸೈಬರ್ ಸುರಕ್ಷತೆ ನೋಡೋ ಕೇಂದ್ರ ಸರ್ಕಾರದ ಸಂಸ್ಥೆ) 2022ರ ಏಪ್ರಿಲ್ 28ಕ್ಕ ಹೊರಡಿಸಿದ ಆದೇಶದಾಗ ಲಾಗ್‌ಗಳನ್ನ 180 ದಿನ ಇಟ್ಕೋಬೇಕು, ಸೈಬರ್ ದಾಳಿ ಆದ್ರ ಗೊತ್ತಾದ 6 ತಾಸಿನ್ಯಾಗ ವರದಿ ಮಾಡ್ಬೇಕು ಅಂತ ಐತಿ. ನಾಳೆ ಏನರ ಆಗಿ ಯಾರರ ಬಂದು ಲಾಗ್ ತೋರಸ್ರಿ ಅಂದ್ರ ನೀವು ಏಳು ದಿನದ್ದ ತೋರಸೋರು.

ಅದಕ್ಕ ಈ ರಾತ್ರಿಯಿಂದ ರೀಸ್ಟಾರ್ಟ್ ಬಿಡ್ರಿ. ಎಸ್‌ಕ್ಯೂಎಲ್ ನೋಡ್ಕೊಳ್ಳೋ ಪ್ರೋಗ್ರಾಂ ಆದ ಮ್ಯಾನೇಜ್‌ಮೆಂಟ್ ಸ್ಟುಡಿಯೋದಾಗ ಮ್ಯಾನೇಜ್‌ಮೆಂಟ್ ಅನ್ನೋ ಫೋಲ್ಡರ್ ಕೆಳಗ ಎಸ್‌ಕ್ಯೂಎಲ್ ಸರ್ವರ್ ಲಾಗ್ಸ್ ಐತಲ್ಲ, ಅದರ ಮ್ಯಾಲ ರೈಟ್ ಕ್ಲಿಕ್ ಮಾಡಿ ಕಾನ್ಫಿಗರ್ ಒತ್ತಿದ್ರ 6ರ ಬದ್ಲಿ 99 ತನಕ ಏರಿಸಾಕ ಬರ್ತೈತಿ, ಏರಸ್ರಿ. ಏರಿಸಿದ ಮ್ಯಾಲ ಈಗ ಇರೋ ಲಾಗ್ ತಗದು ಮೂರು ನಂಬರ್ ಹುಡುಕ್ರಿ: 18456, 17890, 701. ಟಾಸ್ಕ್ ಮ್ಯಾನೇಜರ್‌ನ 97% ನೋಡಿ ಗಾಬರಿ ಆಗೋದಕ್ಕಿಂತ ಈ ಮೂರು ನಂಬರ್ ನೋಡಿ ಗಾಬರಿ ಆಗೋದು ಚಲೋ.

18456 ಅಂದ್ರ ಲಾಗಿನ್ ಫೇಲ್. 1433 ಓಪನ್ ಇದ್ದ ಸರ್ವರ್‌ನ್ಯಾಗ ಇದು ಹೆಂಗ ಕಾಣ್ತೈತಿ ಹೇಳ್ತೀನಿ: ‘ಎಸ್‌ಎ’ ಅನ್ನೋ, ಎಸ್‌ಕ್ಯೂಎಲ್‌ನ ಎಲ್ಲಾ ಹಕ್ಕೂ ಇರೋ ಯೂಸರ್‌ಗೆ ಲಾಗಿನ್ ಫೇಲ್, ಪಾಸ್‌ವರ್ಡ್ ಹೊಂದಲಿಲ್ಲ, ಬಾಜೂಕ ಕ್ಲೈಂಟ್ ಅಂತ ಒಂದು ಐಪಿ. ಮುಂದಿನ ಸಾಲೂ ಅದ, ಅದರ ಮುಂದಿನದೂ ಅದ, ಒಂದು ಸೆಕೆಂಡಿಗೆ ಎರಡ್ಮೂರು, ರಾತ್ರಿ ಪೂರ್ತಿ. ನಡುನಡುವ ‘ಅಡ್ಮಿನ್’, ‘ಟೆಸ್ಟ್’, ‘ಬ್ಯಾಕಪ್’ ಅಂತ ನಿಮ್ಮ ಕಡೆ ಇಲ್ಲದ ಹೆಸರಿನ ಮ್ಯಾಲೂ ಟ್ರೈ ಮಾಡಿರ್ತಾರ. ಯಾರೋ ನಿಮ್ಮ ಸೊಸೈಟಿ ಮ್ಯಾಲ ಕಣ್ಣಿಟ್ಟಾರ ಅಂತಲ್ಲ, ಇವೆಲ್ಲಾ ಬಾಟ್‌ಗಳು, ಅಂದ್ರ ತಾವ ಓಡೋ ಪ್ರೋಗ್ರಾಂಗಳು, ಇಡೀ ಇಂಟರ್ನೆಟ್ ಸ್ಕ್ಯಾನ್ ಮಾಡ್ಕೋತ ತೆರದ ಪೋರ್ಟ್ ಎಲ್ಲಿ ಸಿಗ್ತೈತೋ ಅಲ್ಲಿ ಪಾಸ್‌ವರ್ಡ್ ಬಡಿತಾವ. ಅವಕ್ಕ ಜಮಖಂಡಿಯೂ ಒಂದ, ನ್ಯೂಯಾರ್ಕೂ ಒಂದ. ಎಸ್‌ಎ ಪಾಸ್‌ವರ್ಡ್ ಸಿಕ್ಕರ ಡೇಟಾಬೇಸ್ ಅಷ್ಟ ಅಲ್ರಿ ಹೋಗೋದು, ಎಕ್ಸ್‌ಪಿ ಸಿಎಂಡಿಶೆಲ್ ಅನ್ನೂದನ್ನ ಎನೇಬಲ್ ಮಾಡ್ಕೊಂಡು ವಿಂಡೋಸ್‌ನ್ಯಾಗೂ ಕಮಾಂಡ್ ಓಡಸ್ತಾರ, ಆಮ್ಯಾಲ ಫೈಲೆಲ್ಲಾ ಲಾಕ್ ಆಗಿ ರೊಕ್ಕ ಕೊಡ್ರಿ ಅಂತ ನೋಟ್ ಬೀಳ್ತೈತಿ, ಇದಕ್ಕ ರಾನ್ಸಮ್‌ವೇರ್ ಅಂತಾರ.

ಲಾಗಿನ್ ಫೇಲ್ ಆದ ಸಾಲು ನೋಡಿ ಸಮಾಧಾನ ಆಗಬ್ಯಾಡ್ರಿ, ಫೇಲ್ ಆದವ್ರು ಒಳಗ ಬಂದಿಲ್ಲ ಅಷ್ಟ. ಡಿಫಾಲ್ಟ್ ಸೆಟ್ಟಿಂಗ್‌ನ್ಯಾಗ ಎಸ್‌ಕ್ಯೂಎಲ್ ಫೇಲ್ ಆದ ಲಾಗಿನ್ ಅಷ್ಟ ಬರಿತೈತಿ, ಪಾಸಾಗಿ ಒಳಗ ಬಂದಿದ್ದನ್ನ ಬರಿಯಂಗಿಲ್ಲ. ಸರ್ವರ್ ಪ್ರಾಪರ್ಟೀಸ್‌ನ ಸೆಕ್ಯೂರಿಟಿ ಪುಟದಾಗ ಎರಡನ್ನೂ ಬರಿ ಅಂತ ಬದಲ್ ಮಾಡಾಕ ಬರ್ತೈತಿ, ಈ ಬದಲಾವಣೆಗೆ ಒಮ್ಮಿ ಸರ್ವಿಸ್ ರೀಸ್ಟಾರ್ಟ್ ಬೇಕಾಗ್ತೈತಿ, ಇದೊಂದು ರೀಸ್ಟಾರ್ಟ್ ಮಾಡ್ರಿ ನಡೀತೈತಿ. ರಿಮೋಟ್ ಡೆಸ್ಕ್‌ಟಾಪ್‌ದು ನೋಡಬೇಕಂದ್ರ ವಿಂಡೋಸ್ ಇವೆಂಟ್ ವ್ಯೂವರ್‌ನ ಸೆಕ್ಯೂರಿಟಿ ಲಾಗ್‌ನ್ಯಾಗ 4625 ಅಂದ್ರ ಫೇಲ್, 4624 ಅಂದ್ರ ಪಾಸ್, ಲಾಗಾನ್ ಟೈಪ್ 10 ಇದ್ದದ್ದು ರಿಮೋಟ್ ಡೆಸ್ಕ್‌ಟಾಪ್. ರಾತ್ರಿ ಎರಡಕ್ಕ ಟೈಪ್ 10ರ 4624 ಇದ್ದು ಆಗ ನೀವು ಮಲಗಿದ್ರಿ ಅಂದ್ರ ಈ ಉತ್ತರಾ ಓದೋದು ಇಲ್ಲಿಗೇ ನಿಲ್ಲಿಸಿ, ಇಂಟರ್ನೆಟ್ ವಾಯರ್ ಕಿತ್ತು, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕ ಫೋನ್ ಹಚ್ರಿ.

ಕೆಲವರು ಪೋರ್ಟ್ 3389 ಬದ್ಲಿ 33890 ಮಾಡಿ ಆತು ಅಂತಾರ. ಅದರಿಂದ ಲಾಗ್‌ನ್ಯಾಗ ಗದ್ದಲ ಕಡಿಮಿ ಆಗ್ತೈತಿ, ಸುರಕ್ಷತೆ ಹೆಚ್ಚಾಗಂಗಿಲ್ಲ, ಬಾಟ್ ಎಲ್ಲಾ ಪೋರ್ಟೂ ನೋಡ್ತಾವ. ಪಾಸ್‌ವರ್ಡ್ ಗಟ್ಟಿ ಐತಿ ಸರ್ ಅನ್ನೋರಿಗೆ 2019ರ ಮೇ ತಿಂಗಳದ ಬ್ಲೂಕೀಪ್ ನೆನಪು ಮಾಡ್ತೀನಿ, ಹಳೇ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್‌ನ್ಯಾಗ ಪಾಸ್‌ವರ್ಡ್ ಬೇಕಿಲ್ದನ ಒಳಗ ಬರೋ ತೂತು ಅದು, ಮೈಕ್ರೋಸಾಫ್ಟ್‌ನವರು ಯಾವಾಗೋ ಸಪೋರ್ಟ್ ನಿಲ್ಲಿಸಿದ್ದ ಎಕ್ಸ್‌ಪಿಗೂ ಪ್ಯಾಚ್ ಬಿಟ್ಟಿದ್ರು ಅಂದ್ರ ಎಷ್ಟು ಹೆದರಿದ್ರು ಲೆಕ್ಕ ಹಾಕ್ರಿ. ಎಸ್‌ಕ್ಯೂಎಲ್ ಕಡೆ ನೋಡಿದ್ರ 2003ರ ಜನವರಿ 25ರ ಸ್ಲ್ಯಾಮರ್ ವರ್ಮ್, ಬರೇ 376 ಬೈಟಿನ ಒಂದು ಪ್ಯಾಕೆಟ್, ಯುಡಿಪಿ 1434ಕ್ಕ ಬಂದು ಹತ್ತು ನಿಮಿಷದಾಗ ಜಗತ್ತಿನ ಸಾವಿರಾರು ಸರ್ವರ್ ಹಿಡಿತು, ಪ್ಯಾಚ್ ಅಂತೂ ಆರು ತಿಂಗಳ ಮೊದಲ ಬಂದಿತ್ತು. ನಮ್ಮ ದೇಶದ್ದ ಬೇಕಂದ್ರ 2024ರ ಜುಲೈ ಕೊನೀಗೆ, ಸಣ್ಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಕೊಡೋ ಒಂದು ಕಂಪನಿ ಮ್ಯಾಲ ರಾನ್ಸಮ್‌ವೇರ್ ದಾಳಿ ಆಗಿ, ಎನ್‌ಪಿಸಿಐನವರು (ಯುಪಿಐ ನಡಸೋ ಸಂಸ್ಥೆ) ಆ ಕಂಪನಿಯನ್ನ ಪೇಮೆಂಟ್ ಜಾಲದಿಂದ ಸದ್ಯಕ್ಕ ಬ್ಯಾರೆ ಮಾಡಿದಾಗ ಸುಮಾರು 300 ಸಣ್ಣ ಬ್ಯಾಂಕಿನ ಪೇಮೆಂಟ್ ವ್ಯವಹಾರಕ್ಕ ಪೆಟ್ಟು ಬಿದ್ದಿತ್ತು, ಅದ್ರಾಗ ಸಹಕಾರಿ ಬ್ಯಾಂಕುಗಳೂ ಇದ್ವು.

ಹಂಗಾದ್ರ ಬ್ರಾಂಚ್ ಹೆಂಗ ನಡೀಬೇಕು? 3389 ಫಾರ್ವರ್ಡ್ ತಗದ್ರ ನಿಮಗ ಒಬ್ಬರಿಗೆ ತ್ರಾಸ, 1433 ತಗದ್ರ ಮೂರು ಬ್ರಾಂಚ್ ಬಂದ್. ಅದಕ್ಕ ಎರಡು ಹಂತದಾಗ ಮಾಡ್ರಿ. ಮೂರೂ ಬ್ರಾಂಚಿಗೆ ಸ್ಟ್ಯಾಟಿಕ್ ಐಪಿ ಇದ್ರ ಇವತ್ತ ರೌಟರ್‌ನ್ಯಾಗ, ಇಲ್ಲಾ ವಿಂಡೋಸ್ ಫೈರ್‌ವಾಲ್‌ನ ಇನ್‌ಬೌಂಡ್ ರೂಲ್‌ನ ಸ್ಕೋಪ್‌ನ್ಯಾಗ, ಆ ಮೂರು ಐಪಿಗೆ ಮಾತ್ರ 1433 ಬಿಡ್ರಿ. ಐದು ನಿಮಿಷದ ಕೆಲಸ, ಬಾಟ್‌ಗಳ ಕಾಟ ಅಲ್ಲಿಗೆ ನಿಂತ್ತು. ಆದ್ರ ಇದು ಪೂರಾ ಪರಿಹಾರ ಅಲ್ಲ, ಯಾಕಂದ್ರ ಎನ್‌ಕ್ರಿಪ್ಶನ್ ಒತ್ತಾಯ ಮಾಡದ ಎಸ್‌ಕ್ಯೂಎಲ್ ಕನೆಕ್ಷನ್‌ನ್ಯಾಗ ಲಾಗಿನ್ ಪ್ಯಾಕೆಟ್ ಅಷ್ಟ ಮುಚ್ಚಿಕೊಂಡು ಹೋಗ್ತೈತಿ, ಆಮ್ಯಾಲಿನ ಖಾತೆದಾರರ ಹೆಸರು, ಬ್ಯಾಲೆನ್ಸ್, ಆಧಾರ್ ನಂಬರ್ ಎಲ್ಲಾ ಮುಧೋಳದಿಂದ ಜಮಖಂಡಿ ತನಕ ಬಿಚ್ಚಿಟ್ಟ ಪೋಸ್ಟ್‌ಕಾರ್ಡ್ ಇದ್ದಂಗ ಬರ್ತೈತಿ.

ಎರಡನೇ ಹಂತ ವಿಪಿಎನ್, ಅಂದ್ರ ಇಂಟರ್ನೆಟ್ ಒಳಗ ಬೀಗ ಹಾಕಿದ ಖಾಸಗಿ ದಾರಿ. ನನ್ನ ಆಯ್ಕೆ ವೈರ್‌ಗಾರ್ಡ್, 2020ರಾಗ ಲಿನಕ್ಸ್ ಕರ್ನಲ್ 5.6ರೊಳಗ ಸೇರಿದ ಮ್ಯಾಲ ಎಲ್ಲಾ ಕಡೆ ಬಂದೈತಿ, ಮೈಕ್ರೋಟಿಕ್ ರೌಟರ್ ಇದ್ರ ರೌಟರ್ ಓಎಸ್ 7ರಿಂದ ಒಳಗ ಐತಿ. ಹೆಡ್ ಆಫೀಸ್ ರೌಟರ್‌ನ್ಯಾಗ ಒಂದ ಯುಡಿಪಿ ಪೋರ್ಟ್ ಓಪನ್ ಮಾಡ್ತೀರಿ, ಸಾಮಾನ್ಯ 51820. ಇದರ ಚಲೋ ಗುಣ ಏನಂದ್ರ ಬರೋಬ್ಬರಿ ಕೀ ಇಲ್ದವ್ರು ಬಡದ್ರ ಅದು ಉತ್ತರಾನ ಕೊಡಂಗಿಲ್ಲ, ಸ್ಕ್ಯಾನ್ ಮಾಡೋನಿಗೆ ಅಲ್ಲಿ ಏನೂ ಇಲ್ಲ ಅಂತ ಕಾಣ್ತೈತಿ. ಬ್ರಾಂಚಿಗೆ ಒಂದೊಂದು ಕೀ, ನಿಮ್ಮ ಮನಿ ಲ್ಯಾಪ್‌ಟಾಪಿಗೆ ಒಂದು, ಮೊಬೈಲಿಗೆ ಬ್ಯಾರೆ ಒಂದು. ಒಂದ ಕೀ ಎಲ್ಲಾರೂ ಹಂಚ್ಕೋಬ್ಯಾಡ್ರಿ, ನಾಳೆ ಲ್ಯಾಪ್‌ಟಾಪ್ ಕಳದ್ರ ಆ ಒಂದ ಕೀ ತಗದ್ರ ಆತು, ಉಳದವ್ರ ಕೆಲಸ ನಿಂದ್ರಂಗಿಲ್ಲ.

ಒಂದು ತೊಡಕು ಬರಬಹುದು. ನಮ್ಮ ಕಡೆ ಊರೂರಿಗೆ ಇರೋ ಕೇಬಲ್ ಫೈಬರ್‌ನವರು ಭಾಳ ಮಂದಿಗೆ ಖರೇ ಪಬ್ಲಿಕ್ ಐಪಿ ಕೊಡಂಗಿಲ್ಲ, ನೂರಾರು ಗ್ರಾಹಕರಿಗೆ ಒಂದ ಐಪಿ ಹಂಚಿರ್ತಾರ. ರೌಟರ್‌ನ ವ್ಯಾನ್ (ಹೊರಗಿನ) ಐಪಿ 100.64ರಿಂದ 100.127ರ ಒಳಗ ಶುರು ಆಗಿದ್ರ ನೀವು ಅಂಥಾದ್ರಾಗ ಅದೀರಿ ಅಂತ ತಿಳ್ಕೋರಿ. ಬ್ರಾಂಚ್ ಮತ್ತ ಮನಿ ಅಂಥಾದ್ರಾಗ ಇದ್ರ ತೊಂದ್ರಿ ಇಲ್ಲ, ಅವು ಹೊರಗ ಹೋಗಿ ಕನೆಕ್ಟ್ ಆಗೋವು. ಹೆಡ್ ಆಫೀಸ ಅದ್ರಾಗ ಇದ್ರ ಮಾತ್ರ ಟೇಲ್‌ಸ್ಕೇಲ್‌ನಂಥಾದು ಬೇಕಾಗ್ತೈತಿ, ಅದರ ಒಳಗೂ ವೈರ್‌ಗಾರ್ಡ್ ಐತಿ, ಎರಡೂ ಕಡೆಯಿಂದ ಹೊರಗ ಹೋಗಿ ನಡುವ ಕೂಡ್ತಾವ. ನಿಮಗ ಸ್ಟ್ಯಾಟಿಕ್ ಐಪಿ ಐತಿ ಅಂದ್ಮ್ಯಾಲ ಇದರ ಗೊಡವಿ ಬ್ಯಾಡ.

ವಿಪಿಎನ್ ಹತ್ತಿದ ಮ್ಯಾಲ 3389, 1433 ಎರಡರ ಫೈರ್‌ವಾಲ್ ರೂಲ್‌ನ್ಯಾಗೂ ರಿಮೋಟ್ ಐಪಿ ಜಾಗಕ್ಕ ವಿಪಿಎನ್ ರೇಂಜ್ ಮತ್ತ ಆಫೀಸ್ ಲ್ಯಾನ್ ರೇಂಜ್ ಮಾತ್ರ ಹಾಕ್ರಿ, ರೌಟರ್‌ನ ಪೋರ್ಟ್ ಫಾರ್ವರ್ಡ್ ಸಾಲುಗಳನ್ನ ಅಳಸ್ರಿ, ಡಿಸೇಬಲ್ ಅಲ್ಲ, ಅಳಸ್ರಿ. ಕೇಳದ ತಾನ ಪೋರ್ಟ್ ತೆರಿಯೋ ಯುಪಿಎನ್‌ಪಿ ಆಫ್ ಮಾಡ್ರಿ, ರೌಟರ್‌ನ ಅಡ್ಮಿನ್ ಪುಟ ಹೊರಗಿಂದ ತೆರಿತೈತೇನು ನೋಡ್ರಿ. ಇನ್ನ ಹೊಸ ಮ್ಯಾನೇಜ್‌ಮೆಂಟ್ ಸ್ಟುಡಿಯೋ, 20ನೇ ವರ್ಷನ್ ಇಲ್ಲಾ ಅದರ ಮುಂದಿನದು, ಮನಿಯಾಗ ಹಾಕ್ಕೊಂಡ್ರ ಕನೆಕ್ಟ್ ಆಗುವಾಗ ಸರ್ಟಿಫಿಕೇಟ್ ನಂಬಾಕ ಬರೂದಿಲ್ಲ ಅಂತ ಎರರ್ ಬೀಳ್ತೈತಿ, ಯಾಕಂದ್ರ ಅದು ಎನ್‌ಕ್ರಿಪ್ಶನ್ ಕಡ್ಡಾಯ ಮಾಡೇತಿ. ವಿಪಿಎನ್ ಒಳಗ ಇದ್ದಾಗ ಟ್ರಸ್ಟ್ ಸರ್ವರ್ ಸರ್ಟಿಫಿಕೇಟ್ ಟಿಕ್ ಮಾಡಿ ಮುಂದ ಹೋಗ್ರಿ, ಬಯಲ ಇಂಟರ್ನೆಟ್ ಮ್ಯಾಲ ಅದನ್ನ ಟಿಕ್ ಮಾಡಬ್ಯಾಡ್ರಿ.

ಎಸ್‌ಎ ಲಾಗಿನ್ ಡಿಸೇಬಲ್ ಮಾಡಬೇಕು ಅಂತ ಎಲ್ಲಾರೂ ಹೇಳ್ತಾರ, ನಾನೂ ಹೇಳ್ತೀನಿ, ಆದ್ರ ನಿಮ್ಮ ಸಾಫ್ಟ್‌ವೇರ್ ಯಾವ ಲಾಗಿನ್‌ನ್ಯಾಗ ಓಡ್ತೈತಿ ಅಂತ ಮೊದಲ ನೋಡ್ರಿ, ಇಲ್ಲಂದ್ರ ಮುಂಜಾನೆ ಹತ್ತಕ್ಕ ಎಲ್ಲಾ ಕೌಂಟರೂ ನಿಂತಿರ್ತಾವ. ಹೆಚ್ಚಾಗಿ ಸಾಫ್ಟ್‌ವೇರ್‌ನವರು ಎಸ್‌ಎನ ಬರದಿರ್ತಾರ, ಅವರಿಗೆ ಅದು ಸುಲಭ. ಬ್ಯಾರೆ ಒಂದು ಲಾಗಿನ್ ಮಾಡಿ ಆ ಡೇಟಾಬೇಸ್‌ನ್ಯಾಗ ಓದೋದು, ಬರಿಯೋದು, ಪ್ರೊಸೀಜರ್ ಓಡಸೋದು ಇಷ್ಟ ಹಕ್ಕು ಕೊಟ್ಟು ಅದನ್ನ ಕಾನ್ಫಿಗ್‌ನ್ಯಾಗ ಹಾಕಿಸ್ರಿ. ಆಗಂಗಿಲ್ಲ ಸರ್ ಅಂತ ಎಳದಾಡಿದ್ರ ಸಂಘದ ಲೆಟರ್‌ಹೆಡ್ ಮ್ಯಾಲ ಕೇಳ್ರಿ, ಬರವಣಿಗೆಯಾಗ ಕೇಳಿದ ಕೂಡ್ಲೆ ಭಾಳ ಕೆಲಸ ಆಗ್ತಾವ ನಮ್ಮ ಕಡೆ. ಹಂಗ ಅವರು ಎನಿಡೆಸ್ಕ್ ಅನ್ನೋ ರಿಮೋಟ್ ಪ್ರೋಗ್ರಾಂನ್ಯಾಗ ಪರ್ಮನೆಂಟ್ ಪಾಸ್‌ವರ್ಡ್ ಇಟ್ಟಿದ್ರ ತಗಸ್ರಿ, ಬೇಕಾದಾಗ ಫೋನ್ ಮಾಡ್ಲಿ, ನೀವು ಕುಂತು ಅಕ್ಸೆಪ್ಟ್ ಒತ್ರಿ, ಕೆಲಸ ಮುಗಿದ ಮ್ಯಾಲ ಬಂದ್.

ಈಗ ಮೆಮರಿ.

ಲೀಕ್ ಅಲ್ರಿ ಅದು. ಎಸ್‌ಕ್ಯೂಎಲ್ ಸರ್ವರ್ ಡಿಸ್ಕಿನಿಂದ ಡೇಟಾ ಓದುವಾಗ 8 ಕೆಬಿಯ ಪೇಜ್ ಲೆಕ್ಕದಾಗ ಓದಿ ಬಫರ್ ಪೂಲ್ ಅನ್ನೋ ಜಾಗಾದಾಗ ಇಟ್ಕೋತೈತಿ, ಮತ್ತೊಮ್ಮಿ ಅದ ಖಾತೆ ಬೇಕಾದ್ರ ಡಿಸ್ಕಿಗೆ ಹೋಗಬಾರ್ದು ಅಂತ. ವಿಂಡೋಸ್ ತನಗ ಮೆಮರಿ ಸಾಲವಲ್ದು ಅಂತ ಸಿಗ್ನಲ್ ಕೊಡೋ ತನಕ ಅದನ್ನ ಬಿಡಂಗಿಲ್ಲ, ಬಿಡಬೇಕಾಗೂ ಇಲ್ಲ, ಖಾಲಿ ರ್ಯಾಮ್ ಯಾರಿಗೂ ಉಪಯೋಗ ಇಲ್ಲ. 38 ಜಿಬಿ ಡೇಟಾಬೇಸ್ ಐತಿ, 16 ಜಿಬಿ ಮಷಿನ್ ಐತಿ, ಎಷ್ಟು ಸಿಕ್ರ ಅಷ್ಟು ತಗೋತೈತಿ. ನಾಳೆ 32 ಜಿಬಿ ಹಾಕಿಸ್ರಿ, ಸ್ವಲ್ಪ ದಿನದಾಗ ಟಾಸ್ಕ್ ಮ್ಯಾನೇಜರ್ ಹೊಳ್ಳಿ 97% ತೋರಿಸ್ತೈತಿ, ಆಗ ಸಾಫ್ಟ್‌ವೇರ್‌ನವರು ಮತ್ತ ಲೀಕ್ ಅಂತಾರ.

ತಪ್ಪಿರೋದು ಎಲ್ಲಿ ಅಂದ್ರ ಅದಕ್ಕ ಮಿತಿ ಹಾಕಿಲ್ಲ. ಮ್ಯಾಕ್ಸ್ ಸರ್ವರ್ ಮೆಮರಿ ಅನ್ನೋ ಸೆಟ್ಟಿಂಗ್ ಡಿಫಾಲ್ಟ್ 2147483647 ಎಂಬಿ, ಅಂದ್ರ ಮಿತಿನ ಇಲ್ಲ ಅಂದಂಗ. ವಿಂಡೋಸಿಗೆ, ಆಂಟಿವೈರಸ್‌ಗೆ, ನಿಮ್ಮ ಸಾಫ್ಟ್‌ವೇರ್‌ನ ಸರ್ವಿಸಿಗೆ ಒಮ್ಮಿಲೆ ಮೆಮರಿ ಬೇಕಾದಾಗ ಎಸ್‌ಕ್ಯೂಎಲ್ ಬಿಡ್ತೈತಿ, ಆದ್ರ ಬಿಡೋದ್ರೊಳಗ ವಿಂಡೋಸ್ ಅದರ ಮೆಮರಿಯನ್ನ ಡಿಸ್ಕಿನ ಮ್ಯಾಲಿನ ಪೇಜ್ ಫೈಲಿಗೆ ತಳ್ಳಿರ್ತೈತಿ, ಆಗ ಎಲ್ಲಾರೂ ಸ್ಲೋ. ಅದ 17890: ಎಸ್‌ಕ್ಯೂಎಲ್‌ನ ಮೆಮರಿಯ ದೊಡ್ಡ ಭಾಗ ಪೇಜ್ ಔಟ್ ಆಗೇತಿ ಅಂತ ಲಾಗ್‌ನ್ಯಾಗ ತಾನ ಬರದಿರ್ತೈತಿ. ಸಂಜಿಕೆ ಐದರಿಂದ ಏಳರ ಒಳಗ ಈ ಸಾಲು ಇದ್ರ ನಿಮ್ಮ ಪಿಗ್ಮಿ ಟೈಮಿನ ಗೋಳಿಗೆ ಅರ್ಧಾ ಕಾರಣ ಸಿಕ್ತು. 701 ಇದ್ರ ಬ್ಯಾರೆ ಕಥಿ, ಅದು ಎಸ್‌ಕ್ಯೂಎಲ್‌ಗೇ ಒಳಗ ಮೆಮರಿ ಸಾಲಲಿಲ್ಲ ಅಂತ.

16 ಜಿಬಿಗೆ ಎಷ್ಟು ಕೊಡೋದು? ಮೈಕ್ರೋಸಾಫ್ಟ್‌ನವರು ಬ್ಯಾರೆ ಪ್ರೋಗ್ರಾಂ ತಿನ್ನೋದು ಬಿಟ್ಟು ಉಳದದ್ದರ 75% ಅಂತಾರ. ನಿಮ್ಮ ಸಾಫ್ಟ್‌ವೇರ್ ಸರ್ವಿಸೂ ಅದ ಮಷಿನ್ ಮ್ಯಾಲ ಓಡ್ತೈತಿ ಅಂತ ಅನ್ಕೊಂಡು ನಾ 10 ಜಿಬಿ ಹೇಳ್ತೀನಿ. ಸರ್ವರ್ ಮ್ಯಾಲ ರೈಟ್ ಕ್ಲಿಕ್, ಪ್ರಾಪರ್ಟೀಸ್, ಮೆಮರಿ, ಅಲ್ಲಿ ಮ್ಯಾಕ್ಸಿಮಮ್ ಜಾಗಾದಾಗ 10240. ಅಂಕಿ ಎಂಬಿಯಾಗ ಇರ್ತೈತಿ ಅನ್ನೂದು ಮರೀಬ್ಯಾಡ್ರಿ, ಗಡಿಬಿಡಿಯಾಗ ಕೊನೀ ಸೊನ್ನಿ ಬಿಟ್ಟು 1024 ಬರದ್ರ ಇಡೀ ಸಂಘಾನ ಒಂದು ಜಿಬಿಯಾಗ ನಡಸಬೇಕಾಗ್ತೈತಿ. ರೀಸ್ಟಾರ್ಟ್ ಬೇಕಿಲ್ಲ, ಕೂಡ್ಲೆ ಜಾರಿ ಆಗ್ತೈತಿ, ಆದ್ರ ಬದಲ್ ಮಾಡಿದಾಗ ಪ್ಲ್ಯಾನ್ ಕ್ಯಾಶ್ (ಕ್ವೆರಿ ಓಡಸೋ ದಾರಿ ನೆನಪಿಟ್ಟ ಜಾಗಾ) ಖಾಲಿ ಆಗ್ತೈತಿ, ಅದಕ್ಕ ಕೌಂಟರ್ ಬಂದ್ ಆದ ಮ್ಯಾಲ ಮಾಡ್ರಿ. ಮಿನಿಮಮ್ ಅನ್ನ ಮುಟ್ಟಬ್ಯಾಡ್ರಿ, 0 ಇರ್ಲಿ. ಈ 10 ಜಿಬಿ ಹೊರಗೂ ಎಸ್‌ಕ್ಯೂಎಲ್ ಥ್ರೆಡ್ ಅದು ಇದು ಅಂತ ಇಷ್ಟ ಹೆಚ್ಚು ತಗೋತೈತಿ, 10.5 ಕಂಡ್ರ ಗಾಬರಿ ಬ್ಯಾಡ.

ಮಿತಿ ಹಾಕಿದ ಮ್ಯಾಲೂ ಮೆಮರಿ ತುಂಬಿದ್ರ ಟಾಸ್ಕ್ ಮ್ಯಾನೇಜರ್‌ನ ಯೂಸರ್ಸ್ ಟ್ಯಾಬ್ ನೋಡ್ರಿ. ಇಲ್ಲೇ ನಿಮ್ಮ ಎರಡೂ ಪ್ರಶ್ನೆ ಒಂದಕ್ಕೊಂದು ಕೂಡ್ತಾವ. ರಿಮೋಟ್ ಡೆಸ್ಕ್‌ಟಾಪ್‌ನ್ಯಾಗ ಬಂದವ್ರು ಲಾಗ್ ಆಫ್ ಮಾಡೋದ ಇಲ್ಲ, ಮ್ಯಾಲಿನ ಕ್ರಾಸ್ ಒತ್ತಿ ಹೋಗ್ತಾರ. ಸೆಷನ್ ಹಂಗ ಡಿಸ್‌ಕನೆಕ್ಟೆಡ್ ಅಂತ ಉಳಿತೈತಿ, ಅದರೊಳಗ ಮ್ಯಾನೇಜ್‌ಮೆಂಟ್ ಸ್ಟುಡಿಯೋ, ಅದ್ರಾಗ ಇಡೀ ಟ್ರಾನ್ಸಾಕ್ಷನ್ ಟೇಬಲ್ ಸೆಲೆಕ್ಟ್ ಸ್ಟಾರ್ ಮಾಡಿ ಲಕ್ಷಗಟ್ಟಲೆ ಸಾಲು ಗ್ರಿಡ್‌ನ್ಯಾಗ ಬಿಟ್ಟಿರ್ತಾರ, ಬಾಜೂಕ ಕ್ರೋಮ್‌ನ್ಯಾಗ ಹತ್ತು ಟ್ಯಾಬ್, ಒಂದು ಎಕ್ಸೆಲ್. ಎರಡು ಇಂಥಾ ಸೆಷನ್ ಇದ್ರ ಮೂರ್ನಾಲ್ಕು ಜಿಬಿ ಸರಳ ಹೋಗ್ತೈತಿ, ಮತ್ತ ಎಸ್‌ಕ್ಯೂಎಲ್ ಮ್ಯಾಲ ಹೆಸರು ಬರ್ತೈತಿ. ನೀವು ರೀಸ್ಟಾರ್ಟ್ ಮಾಡಿದಾಗ ಹಗುರ ಅನಸೂದಕ್ಕ ಇದೂ ಒಂದು ಕಾರಣ, ಹೆಣದಂಗ ಬಿದ್ದ ಸೆಷನ್ ಎಲ್ಲಾ ಹೋಗ್ತಾವ. ಗ್ರೂಪ್ ಪಾಲಿಸಿಯಾಗ ಡಿಸ್‌ಕನೆಕ್ಟ್ ಆದ ಸೆಷನ್‌ಗೆ ಟೈಮ್ ಲಿಮಿಟ್ ಐತಿ, ಒಂದು ತಾಸು ಇಡ್ರಿ. ಅದಕ್ಕಿಂತ ಚಲೋದು ಮ್ಯಾನೇಜ್‌ಮೆಂಟ್ ಸ್ಟುಡಿಯೋನ ನಿಮ್ಮ ಲ್ಯಾಪ್‌ಟಾಪಿನ್ಯಾಗ ಹಾಕ್ಕೊಂಡು ವಿಪಿಎನ್ ಮ್ಯಾಲ 1433ಕ್ಕ ಕನೆಕ್ಟ್ ಆಗ್ರಿ, ಗ್ರಿಡ್ಡಿನ ಭಾರ ನಿಮ್ಮ ರ್ಯಾಮ್ ಮ್ಯಾಲ ಬೀಳ್ಲಿ, ಸರ್ವರ್‌ನ ಡೆಸ್ಕ್‌ಟಾಪ್ ತೆರಿಯೋದ ಬೇಕಿಲ್ಲ.

ಇನ್ನ ಉಳದ ಅರ್ಧಾ ಕಾರಣ, ಕ್ವೆರಿ. ಡೇಟಾಬೇಸ್ ಪ್ರಾಪರ್ಟೀಸ್‌ನ್ಯಾಗ ಕ್ವೆರಿ ಸ್ಟೋರ್ ಆನ್ ಮಾಡ್ರಿ, ನಿಮ್ಮ 2017ರಾಗ ಐತಿ, ಇದು ಲೆಕ್ಕಾನ ಡೇಟಾಬೇಸ್ ಒಳಗ ಬರದಿಡೋದ್ರಿಂದ ರೀಸ್ಟಾರ್ಟ್ ಆದ್ರೂ ಉಳಿತೈತಿ. ನಾಲ್ಕು ದಿನ ಬಿಟ್ಟು ಹೆಚ್ಚು ಲಾಜಿಕಲ್ ರೀಡ್ಸ್ (ಮೆಮರಿಯಿಂದ ಪೇಜ್ ಓದೋದು) ಮಾಡೋ ಕ್ವೆರಿ ಯಾವು ಅಂತ ನೋಡ್ರಿ. ನಾ ಪಂದ್ಯಾ ಕಟ್ಟಿ ಹೇಳ್ತೀನಿ, ಮ್ಯಾಲಿನ ಐದರಾಗ ಒಂದರ ತಾರೀಖಿನ ಕಾಲಮ್ ಅನ್ನ ಕನ್ವರ್ಟ್ ಅನ್ನೋ ಫಂಕ್ಷನ್ ಒಳಗ ಹಾಕಿ, 103 ಅನ್ನೋ ಸ್ಟೈಲ್ ಕೊಟ್ಟು, ‘31/03/2025’ ಜೋಡಿ ಹೋಲಿಸಿರ್ತೈತಿ. ದಿನ-ತಿಂಗಳ-ವರ್ಷದ ಲೆಕ್ಕ ನಮಗ ರೂಢಿ ಅಂತ ಪ್ರೋಗ್ರಾಮರ್ ಹಂಗ ಬರದಿರ್ತಾನ. ಆದ್ರ ಕಾಲಮ್ ಅನ್ನ ಫಂಕ್ಷನ್ ಒಳಗ ತುರುಕಿದ ಕೂಡ್ಲೆ ಆ ತಾರೀಖಿನ ಮ್ಯಾಲ ಇರೋ ಇಂಡೆಕ್ಸ್‌ನ್ಯಾಗ ನೇರ ಜಿಗಿಯಾಕ ಬರಂಗಿಲ್ಲ, ಸಂಘ ಶುರು ಆದಾಗಿನಿಂದ ಇವತ್ತಿನ ತನಕ ಇರೋ ಒಂದೊಂದು ಸಾಲಿನ ತಾರೀಖನ್ನೂ ಅಕ್ಷರ ಮಾಡಿ ನೋಡ್ತೈತಿ. ಒಬ್ಬ ಕ್ಲರ್ಕ್ ಇವತ್ತಿನ ಪಿಗ್ಮಿ ಲಿಸ್ಟ್ ತೆಗದ್ರ ಹತ್ತು ವರ್ಷದ ಟೇಬಲ್ ಡಿಸ್ಕಿನಿಂದ ರ್ಯಾಮಿಗೆ ಬರ್ತೈತಿ, ಬರಾಕ ಜಾಗಾ ಬೇಕಲ್ಲ, ಉಳದ ಮಂದಿಗೆ ಬೇಕಾದ ಪೇಜ್ ಹೊರಗ ಹೋಗ್ತಾವ, ಅವರು ಮತ್ತ ಡಿಸ್ಕಿನಿಂದ ಓದ್ತಾರ, ಹಿಂಗ ಎಲ್ಲಾರೂ ಒಬ್ಬರನೊಬ್ಬರು ತಳ್ಕೋತ ಕುಂದ್ರತಾರ. ಪರಿಹಾರ ಎರಡು ಶರತ್ತು, ತಾರೀಖು ಇವತ್ತಿಗೆ ಸಮ ಇಲ್ಲಾ ಹೆಚ್ಚು ಇರಬೇಕು, ನಾಳೆಗಿಂತ ಕಡಿಮಿ ಇರಬೇಕು, ಫಂಕ್ಷನ್ ಬ್ಯಾಡ. ಇದನ್ನ ಸಾಫ್ಟ್‌ವೇರ್‌ನವರಿಂದ ಮಾಡಿಸಿದ್ರ 16 ಜಿಬಿ ರ್ಯಾಮ್ ಹಾಕಿಸಿದ್ದಕ್ಕಿಂತ ಹೆಚ್ಚು ಗುಣ ಕಾಣ್ತೈತಿ ಅಂತ ನನ್ನ ನಂಬಿಕಿ.

ರ್ಯಾಮ್ ಖರೇ ಬೇಕೇನು ಅಂತ ನೋಡಾಕ ಪರ್ಫಾರ್ಮೆನ್ಸ್ ಮಾನಿಟರ್‌ನ್ಯಾಗ ಎರಡು ಕೌಂಟರ್ ಸಾಕು. ಮೆಮರಿ ಗ್ರ್ಯಾಂಟ್ಸ್ ಪೆಂಡಿಂಗ್ 0 ಇರಬೇಕು, ಸಂಜಿಕೆ ಅದು 0ಕ್ಕಿಂತ ಮ್ಯಾಲ ಹೋಗಿ ಅಲ್ಲೇ ನಿಂತ್ರ ಕ್ವೆರಿಗಳು ಮೆಮರಿಗೆ ಪಾಳಿ ಹಚ್ಚ್ಯಾವ ಅಂತರ್ಥ. ಎರಡನೇದು ಪೇಜ್ ಲೈಫ್ ಎಕ್ಸ್‌ಪೆಕ್ಟೆನ್ಸಿ, ಓದಿದ ಪೇಜ್ ಮೆಮರಿಯಾಗ ಎಷ್ಟು ಸೆಕೆಂಡ್ ಉಳಿತೈತಿ ಅನ್ನೂದು; ಅದು 300 ಸೆಕೆಂಡ್ ಇರಬೇಕು ಅಂತ ಎಲ್ಲಾ ಕಡೆ ಓದ್ತೀರಿ, ಅದು ಸಣ್ಣ ಮೆಮರಿ ಕಾಲದ ಅಂಕಿ, ಬಿಡ್ರಿ, ನೀವು ನೋಡೋದು ಅದು ದಿನದಾಗ ಯಾವ ಹೊತ್ತಿಗೆ ಧಡಲ್ ಅಂತ ಕೆಳಗ ಬೀಳ್ತೈತಿ ಅನ್ನೂದನ್ನ, ಆ ಹೊತ್ತಿಗೆ ಯಾರು ಯಾವ ರಿಪೋರ್ಟ್ ತೆಗದ್ರು ಕೇಳ್ರಿ. ಕಬ್ಬಿನ ಬಿಲ್ಲು ಜಮಾ ಆಗೋ ದಿನ ಮತ್ತ ಮಾರ್ಚ್ 31ರ ಬಡ್ಡಿ ಲೆಕ್ಕ, ಈ ಎರಡನ್ನ ಬ್ಯಾರೆ ಬರದಿಟ್ಕೋರಿ. ಕ್ವೆರಿ ಸರಿ ಆದ ಮ್ಯಾಲೂ ಬೀಳ್ತಿದ್ರ ಆಗ ಚೇರ್ಮನ್‌ರ ಮುಂದ ಗ್ರಾಫ್ ಇಟ್ಟು ರ್ಯಾಮ್ ಕೇಳ್ರಿ, ತಪ್ಪಿಲ್ಲ. ಇದನ್ನ ಓದೋ ಬ್ಯಾರೆ ಸಂಘದವ್ರಿಗೊಂದು ಮಾತು: ನಿಮ್ಮದು ಪುಕ್ಕಟೆ ಸಿಗೋ ಎಕ್ಸ್‌ಪ್ರೆಸ್ ಎಡಿಷನ್ ಇದ್ರ, 2017ರಾಗ ಬಫರ್ ಪೂಲ್ 1410 ಎಂಬಿ ದಾಟಂಗಿಲ್ಲ, ಡೇಟಾಬೇಸ್ 10 ಜಿಬಿ ದಾಟಂಗಿಲ್ಲ. ಅಂಥಾದಕ್ಕ 64 ಜಿಬಿ ಹಾಕಿಸಿದ್ರೂ ರೊಕ್ಕ ನೀರಾಗ. ಸೆಲೆಕ್ಟ್ @@ವರ್ಷನ್ ಓಡಿಸಿ ಎಡಿಷನ್ ಯಾವುದು ಅಂತ ನೋಡಿ ಆಮ್ಯಾಲ ಅಂಗಡಿಗೆ ಹೋಗ್ರಿ.

ಲಿನಕ್ಸ್ ಮ್ಯಾಲ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಇಟ್ಟವ್ರದು ಉಲ್ಟಾ ಕಥಿ, ಅಲ್ಲಿ ಡಿಫಾಲ್ಟ್ ಬಫರ್ ಎರಡಕ್ಕೂ ಬರೇ 128 ಎಂಬಿ, ನೀವ ಕೈಲೆ ಏರಿಸಬೇಕು. ಪೋಸ್ಟ್‌ಗ್ರೆಸ್‌ಗೆ ರ್ಯಾಮಿನ ಕಾಲು ಭಾಗದಿಂದ ಶುರು ಮಾಡ್ರಿ. ಅತಿ ಏರಿಸಿದ್ರ ಕರ್ನಲ್ಲಿನ ಓಓಎಂ ಕಿಲ್ಲರ್ (ಮೆಮರಿ ಮುಗಿದಾಗ ಪ್ರೋಗ್ರಾಂ ಕೊಲ್ಲೋದು) ಬಂದು ಡೇಟಾಬೇಸನ್ನ ಮುಗಸ್ತೈತಿ, ಅದೂ ನೆನಪಿರ್ಲಿ. ರಿಮೋಟಿಗೆ ಎಸ್‌ಎಸ್‌ಎಚ್ ಕೀ, ಪಾಸ್‌ವರ್ಡ್ ಲಾಗಿನ್ ಬಂದ್, ಇವುಗಳ ಪೋರ್ಟ್ 3306 ಇಲ್ಲಾ 5432 ಹೊರಗ ತೆರಿಯೋದ ಬ್ಯಾಡ, ಎಸ್‌ಎಸ್‌ಎಚ್ ಟನಲ್ ಒಳಗ ಹೋಗ್ರಿ.

ಮನಿಯಾಗ ಕುಂತಾಗ ಸರ್ವರ್ ಪೂರಾ ಹಿಡಕೊಂಡು, ರಿಮೋಟ್ ಡೆಸ್ಕ್‌ಟಾಪ್ ಕರೇ ಸ್ಕ್ರೀನ್ ತೋರಿಸಿದ್ರ ಏನ್ಮಾಡೂದು ಅಂತ ನೀವು ಕೇಳಿಲ್ಲ, ಆದ್ರ ಕೇಳೋ ದಿನ ಬರ್ತೈತಿ. ಎಸ್‌ಕ್ಯೂಎಲ್‌ನ್ಯಾಗ ಡೆಡಿಕೇಟೆಡ್ ಅಡ್ಮಿನ್ ಕನೆಕ್ಷನ್ ಅಂತ ಐತಿ, ಅದಕ್ಕ ಮೊದಲ ಒಂದಿಷ್ಟು ಮೆಮರಿ ತಗದು ಇಟ್ಟಿರ್ತೈತಿ, ಎಲ್ಲಾ ತುಂಬಿದಾಗೂ ಒಬ್ಬರಿಗೆ ಒಳಗ ಬರಾಕ ಜಾಗಾ. ಡಿಫಾಲ್ಟ್ ಅದು ಸರ್ವರ್ ಮುಂದ ಕುಂತವ್ರಿಗಷ್ಟ, ರಿಮೋಟ್ ಅಡ್ಮಿನ್ ಕನೆಕ್ಷನ್ಸ್ ಅನ್ನೋ ಸೆಟ್ಟಿಂಗ್ 1 ಮಾಡಿದ್ರ ಹೊರಗಿಂದ ಬರ್ತೈತಿ, ಟಿಸಿಪಿ 1434 ಮ್ಯಾಲ. ಆ ಪೋರ್ಟ್ ವಿಪಿಎನ್ ರೇಂಜಿಗೆ ಮಾತ್ರ ತೆರಿರಿ. ಸ್ಟುಡಿಯೋದಾಗ ಸರ್ವರ್ ಹೆಸರಿನ ಮೊದಲ ಅಡ್ಮಿನ್ ಅಂತ ಬರದು ಕೋಲನ್ ಹಾಕ್ರಿ, ಎಡಗಡೆ ಆಬ್ಜೆಕ್ಟ್ ಎಕ್ಸ್‌ಪ್ಲೋರರ್‌ನ್ಯಾಗ ಅಲ್ಲ, ಹೊಸ ಕ್ವೆರಿ ಕಿಟಕಿಯಾಗ, ಯಾಕಂದ್ರ ಇದು ಒಂದ ಸಲಕ್ಕ ಒಂದ ಕನೆಕ್ಷನ್ ಬಿಡೂದು. ಒಳಗ ಹೋಗಿ ಮೆಮರಿ ಹಿಡಕೊಂಡ ಸೆಷನ್ ಯಾವುದು ನೋಡಿ ಅದನ್ನಷ್ಟ ಕಿಲ್ ಮಾಡ್ರಿ, ಮಷಿನ್ ರೀಸ್ಟಾರ್ಟ್ ಬ್ಯಾಡ.

ಬ್ಯಾಕಪ್ ಬಗ್ಗೆ ಉದ್ದ ಬರಿಯಂಗಿಲ್ಲ. ಸರ್ವರ್‌ಗೆ ಸದಾ ಹಚ್ಚಿಟ್ಟ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ರಾನ್ಸಮ್‌ವೇರ್ ಬಂದಾಗ ಅದೂ ಲಾಕ್ ಆಗ್ತೈತಿ, ಒಂದು ಪ್ರತಿ ಬಿಚ್ಚಿ ಬ್ಯಾರೆ ಕಟ್ಟಡದಾಗ ಇರಬೇಕು, ಮತ್ತ ಅದನ್ನ ಒಂದು ಹಳೇ ಪಿಸಿ ಮ್ಯಾಲ ರೀಸ್ಟೋರ್ ಮಾಡಿ ನೋಡಿರಬೇಕು.

3389 ಮುಚ್ಚೋದು, 1433ಕ್ಕ ಮೂರು ಐಪಿ ಮಿತಿ ಹಾಕೋದು, ರಾತ್ರಿ ರೀಸ್ಟಾರ್ಟ್ ಬಿಡೋದು ಇವತ್ತ, ಉಳದ ಕೆಲಸ ರವಿವಾರ ಮಾಡ್ರಿ, ಬ್ರಾಂಚ್ ಬಂದ್ ಇರ್ತಾವ. ಮೊದಲ ವಿಪಿಎನ್ ಹಚ್ಚಿ, ಮೊಬೈಲ್ ಡೇಟಾದಿಂದ ಬರೋಬ್ಬರಿ ಕನೆಕ್ಟ್ ಆಗ್ತೈತಿ ಅಂತ ನೋಡಿದ ಮ್ಯಾಲ ಅಷ್ಟ 1433ರ ಹಳೇ ಫಾರ್ವರ್ಡ್ ಅಳಸ್ರಿ. ಫೈರ್‌ವಾಲ್ ರೂಲ್ ಮುಟ್ಟುವಾಗ ಮಾತ್ರ ಮಹಾಲಿಂಗಪುರದಾಗ ಕುಂತು ಮಾಡಬ್ಯಾಡ್ರಿ, ಜಮಖಂಡಿಗೆ ಹೋಗಿ ಸರ್ವರ್ ಮುಂದ ಕುಂತ ಮಾಡ್ರಿ, ರೂಲ್ ಒಂದು ತಪ್ಪಿದ್ರ ಹೊರಗ ಬೀಳೋರು ನೀವ.